ತಗ್ಗಿನ ಮೇಲಿನ ರಂಗೋಲಿ

ಮರುದಿನ ಶ್ರಾವಣದ ಮೊದಲ ಸೋಮವಾರ. ನಾನು ಹಿತ್ತಲಲ್ಲಿ ದೇವರ ಸಾಮಾನು ಹರವಿಕೊಂಡು, ಹುಣಸೆಹಣ್ಣು ಹಚ್ಚಿ ತಿಕ್ಕುತ್ತ ಕೂತಿದ್ದೆ. ಹಿತ್ತಾಳೆ ತಿಕ್ಕುವಾಗ ನನ್ನನ್ನು ಯಾರೂ ಮಾತಾಡಿಸಬಾರದು. ಅದು ನನ್ನ ಜಪದ ಹೊತ್ತು. ಜಪವೆಂದರೆ ದೊಡ್ಡದೇನಲ್ಲ, ಆ ವಾರ ದೇವರು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ನೆನೆಯುವುದು, ಅಷ್ಟೆ. ಹಾಲು ಒಡೆಯಲಿಲ್ಲ, ಶಿವಾ ನಿನ್ನ ದಯೆ. ಹಬ್ಬದ ಮುಂದೆ ಗ್ಯಾಸು ತೀರಲಿಲ್ಲ, ನಿನ್ನ ದಯೆ. ನಮ್ಮವರು ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ದಲಾಲಿ ಅಂಗಡಿಯ ಕೆಲಸ ಮುಗಿಸಿ ಬರುವಾಗ ಹುಳುಕು ಬದನೆಕಾಯಿ ತರಲಿಲ್ಲ, ಅದಂತೂ ನಿನ್ನದೇ ದಯೆ, ಅವರದಲ್ಲ.

ಗಂಟೆಯ ಬಸವಣ್ಣನ ಕೊಂಬಿನ ಸಂದಿಯಲ್ಲಿ ಹುಣಸೆ ತುರುಕುತ್ತಿದ್ದಾಗ ಗೋಡೆಯಾಚೆಯಿಂದ ಪಕ್ಕದ ಮನೆಯ ಖೈರೂನಬಿಯ ಕೂಗು ಬಂತು.

“ಅಕ್ಕಾರ! ಏ ಅಕ್ಕಾರ! ಟೇಪ್ ಹಿಡಕೊಂಡು ಓಣಿ ಅಳ್ಯಾಕತ್ತಾರ! ಕಾರ್ಪೊರೇಶನ್ ಮಂದಿ ಬಂದಾರ, ಲಗೂ ತಗ್ಗು ಮುಚ್ರಿ!”

ಬಸವಣ್ಣ ಕೈಯಿಂದ ಜಾರಿ ಬಚ್ಚಲಿಗೆ ಬಿದ್ದ. ನಾನು ಎದ್ದು ಓಡಿದೆ. ಅಂದು ರವಿವಾರ. ಬೇರೆ ದಿನವೇ ಬಾರದವರು ರವಿವಾರ ಹೇಗೆ ಬಂದಾರು ಎಂದು ಓಣಿಯ ಒಬ್ಬರ ತಲೆಗೂ ಹೊಳೆಯಲಿಲ್ಲ. ಹೆದರಿದವರ ತಲೆ ಹಾಗೇ.

ತಗ್ಗು ಎಂದರೆ ಏನು ಎಂದು ಬೇರೆ ಊರಿನವರಿಗೆ ಹೇಳಬೇಕು. ನಳವನ್ನು ತಿರುವಿದರೆ ನೀರು ಬರುತ್ತದೆ ಎಂದು ತಿಳಿದವರು ಪುಣ್ಯವಂತರು. ನಮ್ಮ ಕಡೆ, ಆ ತೊಂಬತ್ತರ ದಶಕದಲ್ಲಿ, ನಳದ ನೀರು ಒಂದು ವ್ರತವಾಗಿತ್ತು. ದಿನಗಟ್ಟಲೆ ಕಾಯಬೇಕು, ಬರುವ ದಿನ ಬೇರೆ ಊರಿಗೆ ಹೋಗಬಾರದು, ಬಂದಾಗ ಮನೆಮಂದಿಯೆಲ್ಲ ಎದ್ದು ನಿಲ್ಲಬೇಕು. ಇಷ್ಟು ಮಾಡಿದರೂ ಹಳೇ ಹುಬ್ಬಳ್ಳಿಯ ನಮ್ಮ ಏರು ಓಣಿಯಲ್ಲಿ ನೀರಿಗೆ ಮೇಲೆ ಹತ್ತುವ ಶಕ್ತಿ ಇರಲಿಲ್ಲ. ಅದು ಹತ್ತದಿದ್ದರೆ ನಾವೇ ಇಳಿಯಬೇಕಲ್ಲ? ಅದಕ್ಕೇ ಪ್ರತಿ ಮನೆಯವರೂ ಬಾಗಿಲ ಮುಂದೆ ನೆಲ ಅಗೆದು, ಪೈಪನ್ನು ಆಳದಲ್ಲೇ ಕತ್ತರಿಸಿ, ಅಲ್ಲಿ ನಳ ಕೂಡಿಸಿದ್ದೆವು. ತಗ್ಗಿಗೆ ಇಳಿದು ಕೊಡ ಇಟ್ಟು, ತುಂಬಿದ ಮೇಲೆ ಮೇಲಕ್ಕೆ ಎತ್ತಿ ಕೊಡುವುದು. ಉಳಿದ ಹೊತ್ತು ನಾಯಿ, ಮಕ್ಕಳು ಬೀಳದಂತೆ ಒಂದು ಫರಸಿ ಕಲ್ಲು ಅಡ್ಡ ಎಳೆದಿಡುತ್ತಿದ್ದೆವು.

ನಾನು ಹುಟ್ಟಿದ್ದು ಧಾರವಾಡದ ಆಚೆಯ ಹಳ್ಳಿಯಲ್ಲಿ. ಅಲ್ಲಿ ಕೆರೆಯ ಪಾವಟಿಗೆ ಇಳಿದು ನೀರು ತರುತ್ತಿದ್ದೆವು. ಪಾವಟಿಗೆಯ ಪಾಚಿ ಕಾಲಿಗೆ ಹತ್ತಿದರೆ ಬೆಕ್ಕಿನ ಮೈ ಮುಟ್ಟಿದಂತೆ ಆಗುತ್ತಿತ್ತು, ಈಗಲೂ ನೆನೆದರೆ ಅಂಗಾಲು ತಣ್ಣಗಾಗುತ್ತದೆ. ನನ್ನನ್ನು ಹುಬ್ಬಳ್ಳಿಗೆ ಕೊಡುವಾಗ ಅಪ್ಪ ಊರ ತುಂಬ ಹೇಳಿಕೊಂಡು ಬಂದಿದ್ದರು: “ಮನಿ ಬಾಗಲದಾಗ ನಳ ಐತಿ. ನನ್ನ ಮಗಳು ಇನ್ನ ಕೆರಿ ಇಳಿಯೂದು ತಪ್ಪಿತು.” ಅಪ್ಪನ ಮಾತು ಸುಳ್ಳಾಗಲಿಲ್ಲ. ಕೆರೆ ಇಳಿಯುವುದು ತಪ್ಪಿತು. ಬಾಗಿಲಲ್ಲೇ ಇಳಿಯುವ ಸೌಕರ್ಯವಾಯಿತು.

ಹೀಗೆ ತಗ್ಗು ತೋಡಿ ಪೈಪು ಕತ್ತರಿಸುವುದು ಕಾಯದೆಯ ಪ್ರಕಾರ ತಪ್ಪು. ಕಂಡರೆ ನಳವನ್ನೇ ಕಿತ್ತುಕೊಂಡು ಹೋಗುತ್ತಾರೆ ಎಂಬ ಅಂಜಿಕೆ. ನೀರು ಬಿಡುವವನಿಗೆ ತಗ್ಗುಗಳು ಗೊತ್ತಿದ್ದವು. ನಮ್ಮ ವಾರ್ಡಿನ ಮೆಂಬರ್ ಸಾಹೇಬರಿಗೂ ಗೊತ್ತಿದ್ದಿರಬೇಕು. ಅವರ ಮನೆಯಲ್ಲಿ ತಗ್ಗು ಇರಲಿಲ್ಲ, ಪೈಪಿಗೇ ಬಾಯಿಟ್ಟು ಹೀರುವ ಮೋಟರು ಇತ್ತು. ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ನೋಡಿರಲಿಲ್ಲ. ಊರು ನಡೆಯುವುದೇ ಹಾಗೆ.

ಓಣಿಯ ತುದಿಯ, ಎಲ್ಲಕ್ಕಿಂತ ಎತ್ತರದ ಮನೆ ಖೈರೂನಬಿಯದು. ಆದ್ದರಿಂದ ಎಲ್ಲಕ್ಕಿಂತ ಆಳದ ತಗ್ಗೂ ಅವಳದೇ. ಅದರಲ್ಲಿ ಇಳಿದು ನಿಂತರೆ ಅವಳ ತುರುಬು ಮಾತ್ರ ಕಾಣುತ್ತಿತ್ತು. ತಗ್ಗು ಇಲ್ಲದಿದ್ದರೆ ನಮಗೆಲ್ಲ ನೀರು ಕಡಿಮೆಯಾಗುತ್ತಿತ್ತು, ಅವಳಿಗೆ ಒಂದು ಹನಿಯೂ ಬರುತ್ತಿರಲಿಲ್ಲ. ಅದೂ ಆ ದಿನಗಳಲ್ಲಿ ಅವಳ ಮಗಳು ರೆಹಾನಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹೆರಿಗೆಯ ಮನೆಯಲ್ಲಿ ಹಂಡೆ ಬರಿದಾದರೆ ಹೇಗೆ?

ಫರಸಿಗಳನ್ನು ಎಳೆದೆವು. ಆದರೆ ಬಾಗಿಲ ಮುಂದೆ ಒಂದೊಂದು ಫರಸಿ ಸುಮ್ಮನೆ ಬಿದ್ದಿದ್ದರೆ ಎಂಥ ದಡ್ಡನೂ ಎತ್ತಿ ನೋಡುತ್ತಾನೆ. “ರಂಗೋಲಿ ಹಾಕ್ರಿ ಅಕ್ಕಾರ, ರಂಗೋಲಿ ಯಾರೂ ತುಳಿಯೂದಿಲ್ಲ” ಎಂದಳು ಎದುರು ಮನೆಯ ನೀಲವ್ವ. ನನ್ನ ಕೈ ರಂಗೋಲಿಗೆ ಓಣಿಯಲ್ಲಿ ಹೆಸರಿತ್ತು. ಅಜ್ಜಿ ಅದನ್ನು ಬೈಗುಳದ ಜೊತೆ ಕಲಿಸಿದ್ದಳು. ಎಳೆ ದಪ್ಪ ಬಂದರೆ “ಏನವಾ, ಹಗ್ಗಾ ಹಾಸೀ ಏನು?” ತೆಳ್ಳಗೆ ಬಂದರೆ “ಇರುವಿಗೂ ಹೊಟ್ಟಿ ಐತಿ, ಒಂಚೂರು ಹಿಟ್ಟು ಬಿಡು.” ಆ ಬೈಗುಳವೆಲ್ಲ ಅಂದು ಕೈಗೆ ಬಂದಿತು. ಸೆರಗು ಸಿಕ್ಕಿಸಿ, ಒಂದೊಂದೇ ಮನೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಎಳೆಯುತ್ತ ಏರು ಹತ್ತಿದೆ.

ತುದಿಗೆ ಬಂದಾಗ ಕೇಳಿದೆ: “ಖೈರೂನಾ, ನಿನ್ನ ಬಾಗಲಿಗೂ ಹಾಕಲೇನು?”

“ಹಾಕ್ರಿ ಅಕ್ಕಾರ. ದೇವರ ಚಿತ್ರ ಅಷ್ಟ ಬ್ಯಾಡ. ಹೂವು ಬಳ್ಳಿ ಆದ್ರ ನಮಗೇನು ತ್ರಾಸ ಇಲ್ಲ.”

ಆಕೆಗೆ ಒಂದು ಬಳ್ಳಿ ಹಾಕಿದೆ. ಏದುಸಿರು ಬಿಡುತ್ತ ಹಾಕಿದ್ದಕ್ಕೋ ಏನೋ, ನನ್ನ ಜನ್ಮದಲ್ಲಿ ಅಂಥ ಬಳ್ಳಿ ಮತ್ತೆ ಬರಲಿಲ್ಲ. ಅಷ್ಟು ಚೆಂದವಾಗದೇ ಇದ್ದಿದ್ದರೆ ಮುಂದಿನ ಪೇಚು ಬರುತ್ತಿರಲಿಲ್ಲ ಎಂದು ಆಮೇಲೆ ಬಹಳ ಸಲ ಅಂದುಕೊಂಡಿದ್ದೇನೆ.

ಬಂದವರು ಆರೇಳು ಹುಡುಗ ಹುಡುಗಿಯರು, ಜೊತೆಗೊಬ್ಬ ಸರ್. ಖಾದಿ ಜುಬ್ಬಾ, ಹೆಗಲಿಗೆ ಜೋಳಿಗೆ, ಮೂಗಿನ ತುದಿಗೆ ಕನ್ನಡಕ. ಬಳ್ಳಿಯ ಮುಂದೆ ನಿಂತ ಸರ್ ಚಪ್ಪಲಿ ಕಳೆದರು. ಆಗಲೇ ನಮಗೆ ಇವರು ಕಾರ್ಪೊರೇಶನ್ನಿನವರಲ್ಲ ಎಂದು ಖಾತ್ರಿಯಾಯಿತು. ಕಾರ್ಪೊರೇಶನ್ನಿನವರು ದೇವರ ಮನೆಯಲ್ಲೂ ಚಪ್ಪಲಿ ಕಳೆಯುವುದಿಲ್ಲ.

“ತಾಯಿ, ಇದನ್ನು ಬಿಡಿಸಿದ್ದು ಯಾರು?”

“ನಾನರೀ.”

“ಈ ಮನೆ ಮುಸಲ್ಮಾನರದಲ್ಲವೇ?”

“ಹೌದ್ರಿ. ಮನಿ ಅವರದು, ಹಿಟ್ಟು ನಮ್ಮದು.”

ಸರ್ ಅವರ ಕಣ್ಣು ಒದ್ದೆಯಾದವು. ಫೋಟೋ ತೆಗೆದರು, ರೀಲು ತೀರಿ ಹೋಗುವವರೆಗೂ ತೆಗೆದರು. ಸಾಮರಸ್ಯ ಎಂಬ ಮಾತನ್ನು ಎಷ್ಟು ಸಲ ಹೇಳಿದರೆಂದರೆ, ಖೈರೂನಬಿ ನನ್ನ ಕಿವಿಯಲ್ಲಿ “ಯಾರರೀ ಅಕಿ, ಸಾಮರಸಿ?” ಎಂದಳು. ನಾವಿಬ್ಬರೂ ವಾರಕ್ಕೊಮ್ಮೆ ಕಸದ ಸಲುವಾಗಿ ಜಗಳ ಆಡುತ್ತೇವೆಂದು ಅವರಿಗೆ ಹೇಳಿ ಮನಸ್ಸು ನೋಯಿಸುವುದು ಬೇಡವೆಂದು ಸುಮ್ಮನಿದ್ದೆ.

ವಿಶ್ವವಿದ್ಯಾಲಯದಲ್ಲಿ ಪರಿಸರ ವಿನ್ಯಾಸ ಎಂಬ ವಿಷಯ ಓದುವ ಮಕ್ಕಳು ಇವರು. ಪುಸ್ತಕ ಓದಿ ಕಲಿತರೆ ಸಾಲದು, ಜನರ ನಡುವೆ ಇದ್ದು, ಜನರನ್ನು ಕೇಳಿ, ಜನರ ಜೊತೆ ಒಂದು ಓಣಿಯನ್ನು ಸುಧಾರಿಸಿ ಕಲಿಯಬೇಕಂತೆ. ಇಷ್ಟು ದೊಡ್ಡ ಊರಲ್ಲಿ ನಮ್ಮ ಓಣಿಯನ್ನೇ ಯಾಕೆ ಆರಿಸಿದಿರಿ ಎಂದು ನಮ್ಮವರು ಕೇಳಿದರು. ಸರ್ ಹತ್ತು ಮಾತು ಹೇಳಿದರು. ಒಬ್ಬ ಹುಡುಗ ಮಾತ್ರ ನಿಜ ಹೇಳಿದ: ಬಸ್ ಸ್ಟಾಪಿಗೆ ಸಮೀಪ.

ಗುಂಪಿನ ಮುಂದಾಳು ಸುಷ್ಮಾ ಎಂಬ ಹುಡುಗಿ, ಮೈಸೂರು ಕಡೆಯವಳು. ತೆಳ್ಳಗಿನ ಜಡೆ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸ ಅವಳದು.

“ಆಂಟಿ, ಈ ಓಣಿಯಲ್ಲಿ ನಿಮಗೇನು ತೊಂದರೆ?”

“ಏನಿಲ್ಲವಾ, ಎಲ್ಲಾ ಛಲೋ ಐತಿ. ಬಾ, ಒಳಗ ಕೂಡು. ಅವಲಕ್ಕಿ ತಿನ್ನು.”

ನನ್ನ ಅವ್ವ ಕಲಿಸಿದ ರೀತಿ ಅದು. ಮನೆಗೆ ಬಂದವರ ಮುಂದೆ ಕಷ್ಟ ಹೇಳಿದರೆ ಅವರ ತುತ್ತು ಗಂಟಲಲ್ಲಿ ನಿಲ್ಲುತ್ತದೆ ಎನ್ನುತ್ತಿದ್ದಳು. ಒಮ್ಮೆ ಮನೆಯ ಹಿಂದಿನ ಗೋಡೆ ಮಳೆಗೆ ಬಿದ್ದಾಗ ಬೀಗರು ಬಂದಿದ್ದರು. ಅವ್ವ ಆ ಕಡೆಗೆ ಒಂದು ಜಮಖಾನ ತೂಗಿ ಹಾಕಿ, “ಈ ವರ್ಷ ಗಾಳಿ ಭಾಳ ಛಲೋ ಬೀಸಾಕತ್ತೈತ್ರಿ” ಎಂದಿದ್ದಳು.

“ನೀರು ಬರುತ್ತಾ ಆಂಟಿ?”

“ಬರ್ತೈತಿ.”

“ಎಲ್ಲಿ ಹಿಡೀತೀರಿ?”

“ನಳಕ್ಕ.”

“ನಳ ಎಲ್ಲಿದೆ?”

“ಇಲ್ಲೇ, ಹೊರಗ.”

ಅವಳು ಬಾಗಿಲಿಂದ ಬಗ್ಗಿ ಹೊರಗೆ ನೋಡಿದಳು. ರಂಗೋಲಿ ಕಂಡಿತು. “ಎಷ್ಟು ಚೆನ್ನಾಗಿದೆ!” ಎಂದಳು. ನಳ ಮರೆತೇಹೋಯಿತು. ನಾನು ಇನ್ನೊಂದು ತಟ್ಟೆ ಅವಲಕ್ಕಿ ಹಾಕಿದೆ. ಓಣಿಯ ಎಲ್ಲ ಮನೆಗಳಲ್ಲೂ ಇದೇ ನಡೆಯಿತು. ಆ ಹುಡುಗಿ ಓಣಿಯ ತೊಂದರೆ ಹುಡುಕಲು ಹೋಗಿ ಹೊಟ್ಟೆಯ ತೊಂದರೆ ತಂದುಕೊಂಡಳು.

ಪ್ರಶ್ನೆಗೆ ಉತ್ತರ ಸಿಗದಿದ್ದಾಗ ಸರ್ ಇನ್ನೊಂದು ಉಪಾಯ ಮಾಡಿದರು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಮ್ಮನ್ನೆಲ್ಲ ಕೂಡಿಸಿ, ಕೈಗೆ ಹಾಳೆ, ಬಣ್ಣದ ಪೆನ್ನು ಕೊಟ್ಟು, “ನಿಮ್ಮ ಕನಸಿನ ಓಣಿಯನ್ನು ಚಿತ್ರಿಸಿ” ಎಂದರು. ಬಾಯಲ್ಲಿ ಹೇಳದ್ದು ಚಿತ್ರದಲ್ಲಿ ಬರುತ್ತದಂತೆ. ನಾನು ತುಳಸಿಕಟ್ಟೆ ಬರೆದೆ. ಅದೊಂದೇ ನನಗೆ ಬರುವುದು. ನಮ್ಮವರು ಒಂದು ಗೆರೆ ಎಳೆದು “ಇದು ಲೈಟಿನ ಕಂಬ” ಎಂದರು. ನೀಲವ್ವ ಹಾಳೆಯನ್ನು ಮಡಿಚಿ ಮೊಮ್ಮಗನಿಗೆಂದು ಕುಬುಸದೊಳಗೆ ಇಟ್ಟುಕೊಂಡಳು. ಖೈರೂನಬಿ ಬಹಳ ಹೊತ್ತು ಯೋಚನೆ ಮಾಡಿ ಒಂದು ಕೊಡ ಬರೆದಳು. ಅದರ ಪಕ್ಕಕ್ಕೆ ಇನ್ನೊಂದು. ಹಾಳೆ ತುಂಬ ಕೊಡಗಳನ್ನೇ ಬರೆದಳು.

ಇದಕ್ಕಿಂತ ನೆಟ್ಟಗೆ ಯಾರು ತಾನೇ ಹೇಳಿಯಾರು? ಆದರೆ ಸರ್ ಆ ಹಾಳೆಯನ್ನು ಎತ್ತಿ ಹಿಡಿದು, “ನೋಡಿ ಮಕ್ಕಳೇ, ಕುಂಭ! ಪೂರ್ಣತೆಯ ಸಂಕೇತ. ಈ ತಾಯಿಯ ಸುಪ್ತ ಮನಸ್ಸಿನಲ್ಲಿ ಓಣಿಯೇ ಒಂದು ಕುಂಭ” ಎಂದರು. ಮಕ್ಕಳು ಬರೆದುಕೊಂಡರು. ಖೈರೂನಬಿ ನನ್ನ ಕಡೆ ತಿರುಗಿ, “ನಾ ನೀರಿಂದು ಬರದೇನ್ರಿ ಅಕ್ಕಾರ. ಇವರಿಗೆ ಕೊಡದಾಗ ಬರೇ ಗಾಳಿ ಕಾಣಾಕತ್ತೈತಿ” ಎಂದಳು.

ಕೆಲವು ವಾರ ಕಳೆದವು. ಈ ನಡುವೆ ರೆಹಾನಾಗೆ ಹೆಣ್ಣು ಕೂಸು ಹುಟ್ಟಿತು. ಸುಖದ ಹೆರಿಗೆ, ಶಿವನ ದಯೆ, ಅವರ ಅಲ್ಲಾನ ದಯೆ. ಅಂಥ ಹೊತ್ತಿನಲ್ಲಿ ಯಾರ ದಯೆ ಎಷ್ಟೆಂದು ನಾನು ಪಾಲು ಹಚ್ಚಲು ಹೋಗುವುದಿಲ್ಲ. ಬಿಸಿನೀರಿಗಾಗಿ ಅವರ ಬಚ್ಚಲಿನ ಒಲೆ ಹಗಲೆಲ್ಲ ಉರಿಯತೊಡಗಿತು. ತಗ್ಗು ಎಷ್ಟು ಕೊಟ್ಟರೂ ಸಾಲದು.

ಒಂದು ಸಂಜೆ ಮಕ್ಕಳು ಥರ್ಮಾಕೋಲಿನಲ್ಲಿ ನಮ್ಮ ಓಣಿಯನ್ನೇ ಮಾಡಿಕೊಂಡು ತಂದರು. ನನ್ನ ಮನೆ ಬಿಸ್ಕೀಟಿನಷ್ಟಿತ್ತು. ಗಿಡಗಳ ಜಾಗಕ್ಕೆ ಹಸಿರು ಸ್ಪಂಜು, ಹೆಣ್ಣುಮಕ್ಕಳ ಜಾಗಕ್ಕೆ ಗುಂಡುಸೂಜಿ. ಗುಂಡುಸೂಜಿಗಳೆಲ್ಲ ಬೀದಿಯ ನಡುವೆ ಕಟ್ಟೆಯ ಮೇಲೆ ಸಾಲಾಗಿ ಕೂತು ಹರಟೆ ಹೊಡೆಯುತ್ತಿದ್ದವು. ನಾಲ್ಕು ದಾರಿಯ ಮಂದಿ ನೋಡುತ್ತಿರುವಾಗ ನಡುಬೀದಿಯಲ್ಲಿ ಕೂತು ನಾವು ಯಾವಾಗ ಹರಟೆ ಹೊಡೆದಿದ್ದೆವೋ ದೇವರೇ ಬಲ್ಲ.

“ಇದರಾಗ ನಾ ಎಲ್ಲಿ ಅದೇನ್ರಿ?” ಎಂದು ನಮ್ಮವರು ಕನ್ನಡಕ ಏರಿಸಿ ಹುಡುಕಿದರು.

“ನೀವು ಯಾರ್ಡಿಗೆ ಹೋಗೀರಿ” ಎಂದೆ.

ಆಮೇಲೆ ಸುಷ್ಮಾ ಪ್ರತಿ ಬಿಸ್ಕೀಟಿನ ಮುಂದೆ ಅಂಟಿಸಿದ್ದ ಕರಿಯ ಚೌಕವನ್ನು ತೋರಿಸಿದಳು. ಮುಖ ಬೆಳಗುತ್ತಿತ್ತು. “ನಿಮ್ಮ ರಂಗೋಲಿ ಕಲ್ಲುಗಳೇ ನಮ್ಮ ವಿನ್ಯಾಸದ ಜೀವಾಳ ಆಂಟಿ. ಅವುಗಳನ್ನು ಹಾಗೇ ಬಿಟ್ಟರೆ ಅಲುಗಾಡುತ್ತವೆ. ಅದಕ್ಕೇ ಸುತ್ತ ಸಿಮೆಂಟು ಹಾಕಿ ಗಟ್ಟಿಯಾಗಿ ಕೂರಿಸಿಬಿಡ್ತೀವಿ. ಇನ್ನು ಎಷ್ಟು ವರ್ಷ ಆದ್ರೂ ಕದಲಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದೆವು. ಬಂದವರ ಮುಂದೆ ಬೇರೇನು ಮಾಡಬೇಕು? ಚಪ್ಪಾಳೆ ತಟ್ಟುತ್ತಲೇ ಖೈರೂನಬಿ ನನ್ನ ತೊಡೆ ಚಿವುಟಿದಳು. ಆ ಕಪ್ಪು ಕಲೆ ಬಹಳ ದಿನ ಇತ್ತು.

ಆ ಮೇಲೆ ನನ್ನ ಪಡಸಾಲೆಯಲ್ಲಿ ಹೆಣ್ಣುಮಕ್ಕಳ ಸಭೆ. ತಗ್ಗಿನ ಸಂಗತಿ ಹೇಳಿದರೆ ಸರ್ ಬಾಯಿಂದ ಮೆಂಬರರಿಗೆ ಎದುರೆದುರೇ ಮುಟ್ಟುತ್ತದೆ, ಆಮೇಲೆ ಅವರು ಕಂಡೂ ಕಾಣದಂತೆ ಇರಲಾರರು, ನಳ ಹೋಗುತ್ತದೆ. ಹೇಳದಿದ್ದರೆ ಸಿಮೆಂಟು ಬೀಳುತ್ತದೆ, ನೀರು ಹೋಗುತ್ತದೆ. ನೀಲವ್ವ ನನ್ನ ಹಣೆಯ ಕಡೆ ಬೆರಳು ಮಾಡಿದಳು.

“ಅಕ್ಕಾರ, ನೀವು ಹಣಿ ತುಂಬ ಇಬತ್ತಿ ಹಚ್ಚತೀರಿ. ಕಲ್ಲಿನ ಬುಡಕ ನಾಗಪ್ಪ ಅದಾನ, ಸಿಮೆಂಟು ಹಾಕಿದ್ರ ಕಾಡತಾನ ಅಂತ ಒಂದ ಮಾತು ಹೇಳ್ರಿ. ಆ ಜುಬ್ಬಾದ ಸರ್ ಕೈ ಮುಗದು ಹೊಕ್ಕಾರ.”

“ಎಲ್ಲಾ ಮನಿ ಬುಡಕ ಒಂದೊಂದು ನಾಗಪ್ಪ ಏನು? ಖೈರೂನನ ಮನಿ ಬುಡಕನೂ?”

“ಸಾಮರಸ್ಯ ಅಂತ ಹೇಳಿದ್ರಾತು.”

ನಗು ಬಂತು, ಆದರೆ ಒಪ್ಪಲಿಲ್ಲ. ನೀರಿನ ಸಲುವಾಗಿ ನಾನು ಮನುಷ್ಯರ ಮುಂದೆ ಏನು ಬೇಕಾದರೂ ಮುಚ್ಚಿಟ್ಟೇನು, ದೇವರನ್ನು ಎಳೆತಂದು ಸುಳ್ಳಿಗೆ ಸಾಕ್ಷಿ ನಿಲ್ಲಿಸಲಾರೆ. ಖೈರೂನಬಿ ಎದ್ದು ಹೋಗುವಾಗ, “ಕೂಸಿನ ಬಟ್ಟಿ ಒಗಿಯೂದೈತಿ” ಎಂದಳು ಅಷ್ಟೆ. ಅವಳು ಜಗಳಕ್ಕೆ ಬಂದಿದ್ದರೆ ನನಗೆ ಇಷ್ಟು ತ್ರಾಸವಾಗುತ್ತಿರಲಿಲ್ಲ.

ಸಿಮೆಂಟಿನ ದಿನ ಬಂತು. ಮಧ್ಯಾಹ್ನ ಸರ್ ಮತ್ತು ಮೆಂಬರ್ ಸಾಹೇಬರು ಬಂದು ನೋಡುವುದೆಂದು ಗೊತ್ತಾಗಿತ್ತು. ಬೆಳಿಗ್ಗೆಯೇ ಸುಷ್ಮಾ ಗಬ್ಬೂರಿನ ಗೌಂಡಿಯೊಬ್ಬನನ್ನು ಕರೆದುಕೊಂಡು ಬಂದಳು. ಉಸುಕು ಇಳಿಯಿತು, ಸಿಮೆಂಟಿನ ಚೀಲ ಇಳಿಯಿತು. ಗೌಂಡಿ ತುದಿಯ ಮನೆಯಿಂದಲೇ ಸುರು ಮಾಡುತ್ತೇನೆಂದು ಖೈರೂನಬಿಯ ಬಾಗಿಲಿಗೆ ನಡೆದ. ನಾನು ಹಚ್ಚಿದ್ದ ಊದಿನಕಡ್ಡಿಯನ್ನು ಹಾಗೇ ಹಿಡಿದುಕೊಂಡು ಓಡಿ, ಹುಡುಗಿಯ ರಟ್ಟೆ ಹಿಡಿದೆ.

“ತಂಗಿ, ಒಂದು ಸ್ವಲ್ಪ ಈ ಕಲ್ಲಿಗೆ ಕೈ ಹಚ್ಚು.”

“ಯಾಕೆ ಆಂಟಿ?”

“ಹಚ್ಚವಾ.”

ನಾನು, ಖೈರೂನಬಿ, ಆ ಹುಡುಗಿ ಮೂವರೂ ಸೇರಿ ಫರಸಿ ಸರಿಸಿದೆವು. ಅವಳು ಬಗ್ಗಿ ನೋಡಿದಳು. ತಗ್ಗಿನ ಪಾವಟಿಗೆ, ತಳದಲ್ಲಿ ಮೊಂಡ ಪೈಪು, ಅದಕ್ಕೆ ಸುತ್ತಿದ ಅರಿವೆ, ತೊಟ್ಟಿಕ್ಕುವ ಹನಿಯ ಕೆಳಗೆ ಒಂದು ತಂಬಿಗೆ.

“ಇದೇನಿದು?”

“ನೀ ಕೇಳಿದ್ದಿಯಲ್ಲ, ನಳ ಎಲ್ಲೈತಿ ಅಂತ. ಇಲ್ಲೈತಿ.”

ಅವಳ ಮುಖದ ಬಣ್ಣ ಹೋಯಿತು. ಮೊದಲು ಹೆದರಿಕೆ, ಆಮೇಲೆ ಸಿಟ್ಟು. “ಎಲ್ಲರ ಮನೇಲೂ ಇದೆಯಾ? ನಾನು ಮನೆಮನೆಗೆ ಬಂದು ಕೇಳಿದ್ನಲ್ಲ ಆಂಟಿ! ಏನು ತೊಂದರೆ, ಏನು ತೊಂದರೆ ಅಂತ ಬಾಯಿ ನೋಯೋ ಹಾಗೆ ಕೇಳಿದೆ. ಒಬ್ಬರೂ ಯಾಕೆ ಹೇಳಲಿಲ್ಲ?”

“ಕೇಳಿದಿ, ಖರೇ. ಆದ್ರ ಬರಕೊಳ್ಳಾಕತ್ತಿದ್ದಿಯಲ್ಲವಾ. ಬರದದ್ದು ಯಾರ ಕೈಗೆ ಹೊಕ್ಕೈತಿ ಅಂತ ನಮಗೇನು ಗೊತ್ತು?”

ಒಳಗೆ ಕೂಸು ಅತ್ತಿತು. ಖೈರೂನಬಿ ಒಳಗಿನ ಕಡೆ ಕೈ ತೋರಿಸಿದಳು.

“ಬಾಣಂತಿ ಅದಾಳವಾ ಮನ್ಯಾಗ. ಇದನ್ನ ಮುಚ್ಚಿದ್ರ ನಾ ಕೊಡ ಹೊತ್ತು ಯಾರ ಬಾಗಲಿಗೆ ಹೋಗಲಿ?”

ಸುಷ್ಮಾ ತಗ್ಗಿನ ಅಂಚಿಗೆ ಕೂತುಬಿಟ್ಟಳು, ಕಾಲು ಒಳಗೆ ಇಳಿಬಿಟ್ಟುಕೊಂಡು. “ನನ್ನ ಈ ವರ್ಷದ ಮಾರ್ಕ್ಸೆಲ್ಲ ಇದರ ಮೇಲಿದೆ” ಎಂದಳು, ನಮಗಲ್ಲ, ತಗ್ಗಿಗೆ ಹೇಳುವಂತೆ. “ಸಾರ್‌ಗೆ ಹೇಳಿದ್ರೆ ಅವರು ಸುಮ್ಮನಿರಲ್ಲ. ಖುಷಿಯಾಗಿಬಿಡ್ತಾರೆ. ಮೆಂಬರ್ ಮುಂದೇನೇ ಭಾಷಣ ಮಾಡ್ತಾರೆ.”

ಇದು ನೂರಕ್ಕೆ ನೂರು ನಿಜ. ಸರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಾಲಿಗೆ ಬಿಗಿ ಹಿಡಿಯುತ್ತಿದ್ದರು.

ಸುಷ್ಮಾ ಕಿವಿಯ ಮೇಲಿನ ಪೆನ್ಸಿಲು ತೆಗೆದು ಕಚ್ಚಿದಳು. ಆಮೇಲೆ ಎದ್ದು ಗೌಂಡಿಗೆ ಹೇಳಿದಳು: “ಸಿಮೆಂಟು ಬೇಡ. ಅಂಚಿಗೆ ಉಸುಕು ಹಾಸಿ ಕಲ್ಲು ಕೂರಿಸಿ. ಎತ್ತೋದಕ್ಕೆ ಪ್ರತಿ ಕಲ್ಲಿಗೂ ಎರಡು ಹಿಡಿಕೆ ಬೇಕು.”

“ಹಿಡಕಿ ಎಲ್ಲಿಂದ ತರಲಿ ಅಕ್ಕಾ?” ಎಂದ ಅವನು. ಖೈರೂನಬಿಯ ಗಂಡ ತಾರಿಹಾಳದ ವರ್ಕ್‌ಶಾಪಿನಲ್ಲಿ ದುಡಿಯುವವನು. ಅವನು ಬಚ್ಚಲ ಮೂಲೆಯಿಂದ ಹಳೆಯ ಕಬ್ಬಿಣದ ರಾಶಿಯನ್ನೇ ತಂದು ಸುರಿದ. ಮನೆ ತುಂಬ ಜಂಗು ತುಂಬಿದ್ದಾನೆಂದು ಇಷ್ಟು ವರ್ಷ ಹೆಂಡತಿಯ ಬಾಯಿಂದ ಬೈಸಿಕೊಂಡವನು, ಅಂದು ಎದೆಯುಬ್ಬಿಸಿ ಓಡಾಡಿದ. ಮಧ್ಯಾಹ್ನದೊಳಗೆ ಓಣಿಯ ಕಲ್ಲುಗಳಿಗೆಲ್ಲ ಕಿವಿ ಮೂಡಿದವು. ನಾನು ಮತ್ತೆ ಏರು ಹತ್ತುತ್ತ ಹೊಸ ರಂಗೋಲಿ ಎಳೆದೆ.

ಮೆಂಬರ್ ಸಾಹೇಬರು ಬಂದರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಹಿಂದೆ ನಾಲ್ಕು ಮಂದಿ. ಫೋಟೋಕ್ಕೆ ಯಾವ ಜಾಗ ಚೆಂದ ಎಂದು ಕೇಳಿ, ನೇರವಾಗಿ ಖೈರೂನಬಿಯ ಬಾಗಿಲಿಗೆ ಬಂದು, ಬಳ್ಳಿಯ ಮೇಲೆಯೇ ನಿಂತರು. ಸರ್ ಮಾತ್ರ ಕಲ್ಲಿನ ಅಂಚು ನೋಡಿ ಹುಬ್ಬು ಗಂಟಿಕ್ಕಿದರು.

“ಸುಷ್ಮಾ, ಸಿಮೆಂಟು ಎಲ್ಲಿ? ನಕ್ಷೆಯಲ್ಲಿ ಇತ್ತಲ್ಲ?”

“ಸಾರ್, ಇವರು ಈ ಕಲ್ಲನ್ನು ಆಗಾಗ ಎತ್ತುತ್ತಾರೆ. ಅದು ಇಲ್ಲಿನ ಪದ್ಧತಿ.”

ಸರ್ ನನ್ನ ಕಡೆ ತಿರುಗಿದರು. “ಹೌದೇ ತಾಯಿ?”

“ಹೌದ್ರಿ. ನೀರು ಬಂದಾಗೊಮ್ಮೆ ಎತ್ತತೇವ್ರಿ.”

ಒಂದಕ್ಷರ ಸುಳ್ಳಿಲ್ಲ. ಸರ್ ಅದರಲ್ಲಿ ತೊಳೆಯುವುದನ್ನು, ಮಡಿಯನ್ನು, ಪರಂಪರೆಯನ್ನು ಎಲ್ಲ ಕಂಡುಕೊಂಡು ತಲೆದೂಗಿದರು. ಆದರೂ ಸುಷ್ಮಾಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು: “ಒಪ್ಪಿದ ನಕ್ಷೆಯನ್ನು ನನ್ನನ್ನು ಕೇಳದೆ ಬದಲಿಸಿದ್ದೀ. ಅಂಕ ಕೊಡುವಾಗ ನೋಡೋಣ.” ಹುಡುಗಿ ತಲೆ ತಗ್ಗಿಸಿದಳು.

ಫೋಟೋದವನು ಒಂದು ಕಣ್ಣು ಮುಚ್ಚಿದ. ಅದೇ ಹೊತ್ತಿಗೆ ನೀರು ಬಿಡುವ ಪುಣ್ಯಾತ್ಮ, ವರ್ಷವೆಲ್ಲ ಹೇಳಿದ ಹೊತ್ತಿಗೆ ಬಾರದವನು, ಅಂದು ಹೇಳದೆಯೇ ನೀರು ಬಿಟ್ಟ. ಸಾಹೇಬರ ಬೂಟಿನ ಕೆಳಗೆ, ನೆಲದ ಹೊಟ್ಟೆಯಲ್ಲಿ, ಮೊದಲು ಹಸಿದ ಎಮ್ಮೆಯಂತೆ ಗುಡುಗುಡು. ಆಮೇಲೆ ತಂಬಿಗೆಗೆ ಬೀಳುವ ಧಾರೆ, ಢಣ ಢಣ ಢಣ.

ಸಾಹೇಬರು ಕೆಳಗೆ ನೋಡಿದರು. “ಏನದು ಸಪ್ಪಳಾ? ಕೆಳಗ ಏನೈತಿ?”

ಸುಷ್ಮಾ ನನ್ನನ್ನು ನೋಡಿದಳು, ಖೈರೂನಬಿ ನನ್ನನ್ನು ನೋಡಿದಳು. ನನ್ನ ಬಾಯಲ್ಲಿ ಸುಳ್ಳು ಇರಲಿಲ್ಲ, ನಿಜ ಹೇಳುವ ಹಾಗಿರಲಿಲ್ಲ. ಬಾಯಿ ತೆರೆದೆ, ಅದರಿಂದ ಮಂಗಳಾರತಿಯ ಹಾಡು ಬಂತು.

ನನ್ನ ದನಿ ಚೆಂದವಲ್ಲ. ಆದರೆ ದೊಡ್ಡದು, ಆ ಮಟ್ಟಿಗೆ ದೇವರು ನನ್ನಲ್ಲಿ ಕಂಜೂಸತನ ಮಾಡಿಲ್ಲ. ಎರಡನೇ ಸಾಲಿಗೆ ನೀಲವ್ವ ಕೂಡಿಕೊಂಡಳು, ಮೂರನೆಯದಕ್ಕೆ ಓಣಿಯ ಹೆಂಗಸರೆಲ್ಲ. ಖೈರೂನಬಿಗೆ ಹಾಡು ಬರದು. ತಾಳಕ್ಕೆ ತಪ್ಪದಂತೆ ಚಪ್ಪಾಳೆ ಹೊಡೆದಳು. ಸರ್ ಕಣ್ಣು ಮುಚ್ಚಿ ತಪ್ಪು ತಾಳಕ್ಕೆ ತಲೆ ಅಲ್ಲಾಡಿಸಿದರು. ಒಳಗೆ ಕೂಸು ಚೀರಿತು. ಅದೂ ಉಪಯೋಗಕ್ಕೇ ಬಂತು. ದೇವರ ಹಾಡು ನಡೆದಿರುವಾಗ ಆರಿಸಿ ಬರಬೇಕಾದ ಮನುಷ್ಯ ಏನು ಮಾಡಿಯಾನು? ಸಾಹೇಬರು ಕೈ ಮುಗಿದು ನಿಂತರು. ಬೂಟು ಕಳೆಯಬೇಕೆಂದು ನೆನಪಾಗಿ, ಕಳೆದರು. ಬರಿಗಾಲಿಗೆ ನೆಲದ ಅದುರು ತಾಗಿರಲೇಬೇಕು. ಅವರಿಗೆ ಗೊತ್ತಾಗಲಿಲ್ಲವೆಂದು ನಾನು ಹೇಳುವುದಿಲ್ಲ. ಗೊತ್ತಿದ್ದದ್ದನ್ನು ಕೇಳಿಸಿಕೊಳ್ಳದಿರಲು ಅವರಿಗೂ ಒಂದು ಹಾಡು ಬೇಕಾಗಿತ್ತು.

ನನಗೆ ಬರುವ ಹಾಡುಗಳೆಲ್ಲ ಮುಗಿಯುತ್ತ ಬಂದವು. ಶಿವನ ಮೇಲಿನವು ಮುಗಿದು ಹನುಮಪ್ಪನಿಗೆ ಬಂದೆ. ಕೊನೆಗೆ ಸಾಹೇಬರೇ, “ಭಾಳ ಸಂಸ್ಕಾರವಂತ ಓಣಿ ಐತಿ” ಎಂದು ಹೇಳಿ, ಬೂಟನ್ನು ಕೈಯಲ್ಲೇ ಹಿಡಿದುಕೊಂಡು ಇಳಿಜಾರಿಗೆ ಇಳಿದರು. ಸರ್ ಅವರ ಹಿಂದೆ ಹೋದರು. ಮಕ್ಕಳು ಸರ್ ಹಿಂದೆ.

ತಿರುವು ದಾಟಿದರೋ ಇಲ್ಲವೋ, ಓಣಿಯ ತುಂಬ ಫರಸಿ ಎತ್ತುವ ಸಪ್ಪಳ. ಖೈರೂನಬಿ ಹಿಡಿಕೆಗೆ ಕೈ ಹಾಕುವಷ್ಟರಲ್ಲಿ ಇನ್ನೊಂದು ಹಿಡಿಕೆಯನ್ನು ಯಾರೋ ಹಿಡಿದಿದ್ದರು. ಸುಷ್ಮಾ ಹೋಗಿರಲಿಲ್ಲ. ಜಡೆಯನ್ನು ಮೇಲೆ ಕಟ್ಟಿ, ಚೂಡಿದಾರದ ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಪಾವಟಿಗೆ ಇಳಿದೇಬಿಟ್ಟಳು.

“ಏ ತಂಗಿ, ಹಾಡು ಮುಗೀಲಿ ಅಂತ ಕಾದು ನೀರು ಅರ್ಧ ಹೋತು. ನಿನಗ ಬರೂದಿಲ್ಲದು, ಮ್ಯಾಲ ಬಾ” ಎಂದಳು ಖೈರೂನಬಿ.

“ಕೊಡಿ, ಕಲೀತೀನಿ.”

ಮೊದಲ ಕೊಡವನ್ನು ಎತ್ತುವಾಗ ಅರ್ಧ ತನ್ನ ಮೈಮೇಲೇ ಸುರಿದುಕೊಂಡಳು. ಎರಡನೆಯದು ಮುಕ್ಕಾಲು ಮೇಲೆ ಬಂತು. ನಾನು ಅಂಚಿನಲ್ಲಿ ಬಗ್ಗಿ ಈಸಿಕೊಂಡು ಖೈರೂನಬಿಗೆ ಕೊಟ್ಟೆ, ಅವಳು ಒಳಗೆ ಒಯ್ದು ಹಂಡೆಗೆ ಸುರಿದು ಬಂದಳು. ಹೀಗೆ ನಡೆಯುತ್ತಿರುವಾಗ ಖೈರೂನಬಿ ಸೊಂಟಕ್ಕೆ ಕೈಯಿಟ್ಟು ತಗ್ಗಿನೊಳಗೆ ಬಗ್ಗಿ ಕೇಳಿದಳು:

“ಆ ಸರ್ ಏನೋ ಅಂದ್ರಲ್ಲವಾ. ನಮ್ಮ ಸಲುವಾಗಿ ನಿನ್ನ ಮಾರ್ಕು ಹೋದ್ವೇನು?”

ಕೆಳಗಿನಿಂದ ಒದ್ದೆ ಮುಖ ಮೇಲೆ ನೋಡಿತು. ಕಿವಿಯ ಮೇಲೆ ಪೆನ್ಸಿಲು ಇರಲಿಲ್ಲ; ತಗ್ಗಿನಲ್ಲಿ ಎಲ್ಲೋ ತೇಲುತ್ತಿದ್ದಿರಬೇಕು.

“ಹೋದ್ವು ಅನ್ಸುತ್ತೆ” ಎಂದಳು. “ಖಾಲಿ ಕೊಡ ಕೊಡಿ ಬೇಗ. ನೀರು ಸಣ್ಣಗಾಗ್ತಿದೆ.”

ಖೈರೂನಬಿ ಕೊಡ ಕೊಟ್ಟಳು. ಧಾರೆ ದಾರದಷ್ಟಾಗಿ ನಿಲ್ಲುವವರೆಗೂ ಆ ಹುಡುಗಿ ಮೇಲೆ ಬರಲಿಲ್ಲ. ಹಂಡೆ ತುಂಬಿತು, ಒಲೆ ಉರಿಯಿತು, ಬಚ್ಚಲಿನಲ್ಲಿ ಕೂಸಿಗೆ ಎರೆಯುವ ಸಪ್ಪಳ ಕೇಳಿಸಿತು. ಯಾರ್ಡಿನಿಂದ ನಮ್ಮವರು ಬರುವ ಹೊತ್ತಾಗಿತ್ತು, ಜೊತೆಗೆ ಉಣ್ಣಲು ಇವತ್ತು ಒಬ್ಬಳು ಹೆಚ್ಚು. ನಾನು ಒಳಗೆ ಹೋಗಿ ರೊಟ್ಟಿಗೆ ಎಸರಿಟ್ಟೆ.